ಹೋಲಿಕೆಯ ಮನೆ

ನನ್ನ ಮದುವೆಯಾದಾಗ ನಮ್ಮ ಮನೆ ಎಣ್ಣೆ ಗಾಣದ ಎದುರಿಗಿತ್ತು. ಮೊದಲ ದೀಪಾವಳಿಗೆ ಹೈಸ್ಕೂಲಿನ ಕಾಂಪೌಂಡಿನ ಹತ್ತಿರ ಬಂದಿತ್ತು. ಪರವೂರಿನವರಿಗೆ ಇದನ್ನು ಹೇಳಿದರೆ ಬಾಡಿಗೆ ಮನೆಯೇ ಎಂದು ಕೇಳುತ್ತಾರೆ. ಎಲ್ಲಿಯ ಬಾಡಿಗೆ! ಅದೇ ಮನೆ, ಅದೇ ಹೊಸಿಲು, ಅದೇ ಸೋರುವ ಅಡುಗೆಮನೆ. ಜಾಗವೊಂದು ಮಾತ್ರ ಅದರ ಇಷ್ಟ. ನಮ್ಮೂರಿನಲ್ಲಿ ಜನ ಬಂದು ಹೋಗುವ ಮನೆ ಪೇಟೆಯ ಕಡೆಗೆ ಸರಿಯುತ್ತದೆ, ಯಾರೂ ಬಾರದ ಮನೆ ಊರಾಚೆಗೆ ಸರಿಯುತ್ತದೆ. ಬಂದವರು ಬೇರೆ ಬೀದಿಯವರಾಗಿರಬೇಕು, ಹೊಸಿಲು ದಾಟಬೇಕು, ಕೂತು ಒಂದು ಲೋಟ ನೀರಾದರೂ ಕುಡಿಯಬೇಕು. ಕಿಟಕಿಯಲ್ಲಿ ನಿಂತು ಮಾತಾಡಿ ಹೋದರೆ ಮನೆಗೆ ಅದು ಲೆಕ್ಕವಿಲ್ಲ.

ಇದಕ್ಕೆ ಹೊಂದಿಕೊಂಡೇ ನಾವೆಲ್ಲ ಬದುಕಿದ್ದೇವೆ. ನಲ್ಲಿಗೆ ಕಬ್ಬಿಣದ ಪೈಪು ಹಾಕಿಸುವ ದಡ್ಡರು ನಮ್ಮಲ್ಲಿಲ್ಲ, ಎಲ್ಲರದೂ ಉದ್ದನೆಯ ರಬ್ಬರ್ ಪೈಪು. ಕರೆಂಟಿನ ತಂತಿಯನ್ನು ಸಡಿಲವಾಗಿಯೇ ಬಿಟ್ಟಿರುತ್ತಾರೆ. ಪೋಸ್ಟ್‌ಮ್ಯಾನ್ ವಿಳಾಸ ನೋಡುವುದಿಲ್ಲ, ಹೆಸರು ಓದಿ, ಈ ಮನೆಗೆ ಈಚೆಗೆ ಜನ ಬರುತ್ತಿದ್ದಾರಾ ಎಂದು ಒಂದು ಗಳಿಗೆ ಯೋಚಿಸಿ ಸೈಕಲ್ ತಿರುಗಿಸುತ್ತಾನೆ. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ಅವರ ಮನೆ ಹೋದ ವರ್ಷ ಎಲ್ಲಿತ್ತು ಎಂದು ಕೇಳುತ್ತಾರೆ. ‘ನಿನ್ನ ಮನೆ ಹೊಸಿಲು ತುಳಿಯೋದಿಲ್ಲ’ ಎನ್ನುವ ಮಾತು ಬೇರೆ ಊರುಗಳಲ್ಲಿ ಬರೀ ಜಗಳದ ಮಾತು. ನಮ್ಮಲ್ಲಿ ಎಷ್ಟೇ ಸಿಟ್ಟು ಬಂದರೂ ಅದನ್ನು ಬಾಯಿ ಬಿಟ್ಟು ಹೇಳುವವರಿಲ್ಲ.

ಊರು ಮುಗಿಯುವ ಕಡೆ ಕಲ್ಲುಗಾಲುವೆ ಇದೆ. ನೀರು ಹರಿದದ್ದನ್ನು ನನ್ನ ಅಜ್ಜಿಯೂ ಕಂಡಿರಲಿಲ್ಲವಂತೆ. ಅದರ ಈಚೆ ಕೊನೆ ಬೀದಿ. ಕಾಲುವೆ ದಾಟಿದ ಮನೆ ಮಾರನೆಯ ದಿನ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಂದಾಚೆಗೆ ಏನಾಗುತ್ತದೆ ಎಂದು ನನ್ನನ್ನು ಕೇಳಬೇಡಿ, ಹೋದವರಲ್ಲಿ ಒಬ್ಬರೂ ತಿರುಗಿ ಬಂದು ಹೇಳಿಲ್ಲ. ಅದಕ್ಕೇ ಹಿರಿಯರು ಸರದಿ ಎಂದು ಮಾಡಿಟ್ಟಿದ್ದರು. ಊರಿನ ಪ್ರತಿ ಮನೆಯವರೂ ತಮ್ಮ ಸರದಿ ಬಂದ ದಿನ ಕೊನೆ ಬೀದಿಗೆ ಹೋಗಿ, ಒಂದು ಮನೆಯ ಹೊಸಿಲು ದಾಟಿ, ನೀರು ಕುಡಿದು ಬರಬೇಕು. ಬಿಸಿಲು, ಕಾಲುನೋವು, ಅಂಗಡಿ ಬಾಗಿಲು ಹಾಕಬೇಕಾಯಿತು ಎಂದು ಜನ ಬೈದುಕೊಂಡೇ ಹೋಗುತ್ತಿದ್ದರು. ಆದರೆ ಹೋಗುತ್ತಿದ್ದರು.

ನನ್ನ ಗೆಳತಿ ಪುಟ್ಟತಾಯಿಯ ಮನೆ ಕೊನೆ ಬೀದಿಯ ಕೊನೆಯ ಮನೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ರವಿಕೆ ಹೊಲಿಯುವುದರಲ್ಲಿ ಅವಳ ಕೈ ಎಷ್ಟು ಅಚ್ಚುಕಟ್ಟೋ, ಬಾಯಿ ಅಷ್ಟು ಹರಿತ. ಬಟ್ಟೆ ಕೊಡಲು ಬಂದವಳಿಗೆ, ಹೋದ ಸಲಕ್ಕಿಂತ ದಪ್ಪಗಾಗಿದ್ದೀಯಲ್ಲ, ಗಂಡನ ಪಾಲೂ ನೀನೇ ತಿಂತೀಯಾ ಎಂದು ಕೇಳುವಂಥವಳು. ಹೀಗಾಗಿ ಜನ ಕಿಟಕಿಯಲ್ಲೇ ಬಟ್ಟೆ ಕೊಟ್ಟು ಕಿಟಕಿಯಲ್ಲೇ ತೆಗೆದುಕೊಂಡು ಓಡುತ್ತಿದ್ದರು. ಅವಳ ಗಂಡ ಸಿದ್ದೇಗೌಡ ಸೊಂಟದ ಮೂಳೆ ಮುರಿದುಕೊಂಡು ಮಲಗಿದ ಮೇಲಂತೂ ಅವಳೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಸರದಿಯವರು ಬಂದು ಹೋಗುತ್ತಿದ್ದುದರಿಂದ ಮನೆ ಕಾಲುವೆಯ ಈಚೆ ಹೇಗೋ ನಿಂತಿತ್ತು.

ಇನ್ನು ನಮ್ಮನೆಯವರು, ಧರಣೇಂದ್ರಯ್ಯ. ಕಾಲೇಜಿನಲ್ಲಿ ನಗರ ಅರ್ಥಶಾಸ್ತ್ರದ ಪ್ರೊಫೆಸರು. ಹಾಗೆಂದರೇನು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಜನ ಎಲ್ಲಿ ವಾಸ ಮಾಡುತ್ತಾರೆ, ಯಾಕೆ ಅಲ್ಲೇ ವಾಸ ಮಾಡುತ್ತಾರೆ, ಪೇಟೆಯ ಜಾಗ ಯಾಕೆ ತುಟ್ಟಿ, ಊರಾಚೆಯದು ಯಾಕೆ ಅಗ್ಗ, ಇದನ್ನೆಲ್ಲ ಓದುವುದು ಎಂದರು. ಇದನ್ನು ಓದಬೇಕೇ, ಸಂತೆಗೆ ಹೋದರೆ ಯಾರು ಬೇಕಾದರೂ ಹೇಳುತ್ತಾರೆ ಎಂದೆ. ಅಷ್ಟಕ್ಕೇ ಮುನಿಸಿಕೊಂಡು ಆ ದಿನ ಊಟ ಬಿಟ್ಟರು. ಅವರು ಡಾಕ್ಟರೇಟ್ ಮಾಡಲು ದೊಡ್ಡ ನಗರಕ್ಕೆ ಹೋದಾಗ ನಮ್ಮೂರಿನ ಮೇಲೆಯೇ ಬರೆದರಂತೆ. ಮನೆಗಳು ತಾವೇ ಸರಿಯುವ ಊರು ಎನ್ನುವುದು ಬಹಳ ಸೊಗಸಾದ ಊಹೆ, ಲೆಕ್ಕ ಬಿಡಿಸಲು ಅನುಕೂಲ ಎಂದು ಅಲ್ಲಿಯ ಪ್ರೊಫೆಸರುಗಳು ಬೆನ್ನು ತಟ್ಟಿದರಂತೆ. ಊಹೆಯಲ್ಲ ಸಾರ್, ನಮ್ಮ ಸೋದರತ್ತೆಯ ಮನೆ ಹೋದ ತಿಂಗಳು ತಾನೇ ಸರಿಯಿತು ಎಂದು ಇವರು ಹೇಳಿದ್ದಕ್ಕೆ, ಆ ಮಾತನ್ನು ಮಾತ್ರ ಮುನ್ನುಡಿಯಲ್ಲಿ ಹಾಕಬೇಡಪ್ಪ ಎಂದು ಬುದ್ಧಿ ಹೇಳಿ ಪದವಿ ಕೊಟ್ಟು ಕಳಿಸಿದರಂತೆ.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಕಿ ಸಿಕ್ಕಿದರೆ ಊಟ ಮರೆಯುವ ಜಾತಿ. ಮನೆಗಳು ಯಾಕೆ ಸರಿಯುತ್ತವೆ, ಎಷ್ಟು ಸರಿಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂದು ತಲೆ ಕೂದಲು ಉದುರುವವರೆಗೂ ಅಳೆದರು. ಕೊನೆಗೊಮ್ಮೆ ಅವರಿಗೆ ಒಂದು ಅನುಮಾನ ಹೊಕ್ಕಿತು. ಸರದಿ ನಿಜವಾಗಿ ಬೇಕೇ, ಅಥವಾ ಸುಮ್ಮನೆ ನಡೆದುಕೊಂಡು ಬಂದದ್ದೇ? ಪುರಸಭೆಯವರನ್ನು ಕೇಳಿ ಒಂದು ವರ್ಷದ ಮಟ್ಟಿಗೆ ಕೊನೆ ಬೀದಿಯ ಸರದಿ ನಿಲ್ಲಿಸಿದರು. ಅಪಾಯ ಕಂಡ ದಿನವೇ ಮತ್ತೆ ಶುರು ಮಾಡುವುದು ಎಂದು ಮಾತಾಯಿತು. ಎಂ.ಎ. ಓದುವ ಹುಡುಗಿಯರು ವಾರ ವಾರ ಆ ಬೀದಿಯ ಮನೆಮನೆಗೆ ಹೋಗಿ, ನಿಮ್ಮ ಮನೆಗೆ ಯಾರು ಬಂದರು, ಯಾವ ಬೀದಿಯವರು ಬಂದರು ಎಂದು ಕೇಳಿ ಬರೆದುಕೊಂಡು ಬರುತ್ತಿದ್ದರು. ಇವರು ಕಾಲೇಜಿನ ಕೋಣೆಯಲ್ಲಿ ಕೂತು ಕೂಡಿ ಕಳೆಯುತ್ತಿದ್ದರು. ವರ್ಷದ ಕೊನೆಗೆ ನೋಡಿದರೆ ಒಂದು ಮನೆಯೂ ಆಚೆಗೆ ಸರಿದಿರಲಿಲ್ಲ, ಎಲ್ಲ ಮನೆಗಳೂ ಚೂರು ಚೂರು ಒಳಕ್ಕೇ ಬಂದಿದ್ದವು.

ಇದರ ಮೇಲೆ ಬರೆದ ಪ್ರಬಂಧದಿಂದ ಇವರ ಹೆಸರು ಎಲ್ಲೆಲ್ಲಿಗೋ ಹೋಯಿತು. ಊರ ಅಂಚಿಗೆ ಬಂದ ಮನೆ ತಾನಾಗಿಯೇ ತಿರುಗಿಕೊಳ್ಳುತ್ತದೆ, ಅದನ್ನು ಯಾರೂ ಕೈ ಹಿಡಿದು ಎಳೆಯಬೇಕಾಗಿಲ್ಲ ಎಂದು ಇವರು ಬರೆದಿದ್ದರು. ಪುರಸಭೆಯ ಅಧ್ಯಕ್ಷರು ಮರಿಬಸಪ್ಪನವರು, ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಸರದಿಯ ದಿನ ಅಂಗಡಿ ಮುಚ್ಚಬೇಕಲ್ಲ ಎಂದು ಮೊದಲಿನಿಂದಲೂ ಗೊಣಗುತ್ತಿದ್ದವರು. ಪ್ರಬಂಧದ ಕೊನೆಯ ಪುಟವನ್ನು ಸಭೆಯಲ್ಲಿ ತಾವೇ ಓದಿ, ಸರದಿ ರದ್ದು ಎಂದು ಗೊತ್ತುವಳಿ ಮಾಡಿಸಿಬಿಟ್ಟರು. ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು. ಎಲ್ಲರೂ ನಮ್ಮ ಮನೆಗೆ ಬಂದು ಕೂತು, ನೀರು ಕುಡಿದು, ಪ್ರೊಫೆಸರ್ ಉಪಕಾರ ಮಾಡಿದಿರಿ ಎಂದು ಹೇಳಿ ಹೋದರು. ನಮ್ಮ ಮನೆ ಹೈಸ್ಕೂಲಿನ ಕಾಂಪೌಂಡು ಬಿಟ್ಟು ಹೂವಿನ ಮಾರ್ಕೆಟ್ಟಿನ ಹಿಂದಕ್ಕೆ ಬಂತು.

ಪುಟ್ಟತಾಯಿಯ ಕಿಟಕಿಗೆ ರವಿಕೆ ಬಟ್ಟೆ ಹಿಡಿದು ನಾನು ಹೋದದ್ದು ಅದಾದ ಮೇಲೆ. ಆ ಪ್ರಬಂಧದಲ್ಲಿ ಅವಳ ಮನೆಯ ಉದಾಹರಣೆ ಬಂದಿದ್ದುದು, ‘ಇಡೀ ವರ್ಷ ಒಬ್ಬರೂ ಬಾರದ ಮನೆ’ ಎಂದು ಬರೆದಿದ್ದುದು ಹೇಗೋ ಅವಳ ಕಿವಿಗೆ ಬಿದ್ದಿತ್ತು. ಬಟ್ಟೆ ಮುಟ್ಟಲೇ ಇಲ್ಲ. ಕಣ್ಣು ಕೆಂಪಗಿತ್ತು.

“ಒಬ್ರೂ ಬಂದಿಲ್ವಂತೆ! ಆ ಹುಡುಗೀರು ವಾರ ವಾರ ಬಂದು ನನ್ನ ಚಾಪೆ ಮೇಲೆ ಕೂತು ಕಾಫಿ ಕುಡೀತಿದ್ರಲ್ಲ, ಅವ್ರು ಮನುಷ್ಯರಲ್ವೇನೆ ವಿಮಲಿ? ನಾನೇನೋ ನಮ್ಮನೆಗೆ ಜನ ಬರ್ತಾರೆ ಅಂತ ಕೋಡುಬಳೆ ಕರಿದಿಡ್ತಿದ್ದೆ.”

ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮನೆಗೆ ಬಂದವಳೇ, ಊಟಕ್ಕೆ ಕೂತಿದ್ದ ಇವರಿಗೆ ಬಡಿಸುತ್ತಾ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ನಿಮ್ಮ ಹುಡುಗಿಯರು ತಿಂದ ಕೋಡುಬಳೆಯ ಋಣಕ್ಕಾದರೂ ಒಂದು ಸಾಲು ಒಳ್ಳೆಯದು ಬರೆಯಬಾರದಿತ್ತೇ, ಪಾಪ, ಅವಳ ಹೊಟ್ಟೆ ಉರಿಸಿದಿರಿ ಎಂದೆ. ಇವರ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

ಹುಡುಗಿಯರು ಎಲ್ಲಿ ಕೂತು ಬರೆದುಕೊಳ್ಳುತ್ತಿದ್ದರು ಎಂದು ಕೇಳಿದರು. ಒಳಗೆ, ಮತ್ತೆಲ್ಲಿ, ಬಿಸಿಲಲ್ಲಿ ನಿಂತು ಬರೆದುಕೊಳ್ಳುತ್ತಾರೆಯೇ ಎಂದೆ. ನೀರು ಕುಡಿದರಾ ಎಂದು ಕೇಳಿದರು. ನೀರೇನು, ಕಾಫಿ, ಕೋಡುಬಳೆ ಎಲ್ಲ ಆಯಿತು ಎಂದೆ. ಎಲ್ಲ ಮನೆಗಳಲ್ಲೂ ಹಾಗೇನಾ ಎಂದರು. ಇನ್ನೇನು, ನಮ್ಮೂರಲ್ಲಿ ಬಂದವರಿಗೆ ನೀರು ಕೊಡದೆ ಯಾರಾದರೂ ಕಳಿಸುತ್ತಾರೆಯೇ ಎಂದು ಹೇಳುತ್ತಿದ್ದ ಹಾಗೆಯೇ ನನಗೂ ವಿಷಯ ಹೊಳೆಯಿತು. ಬಂದವರು ಯಾರು ಎಂದು ಕೇಳಲು ಹೋದ ಹುಡುಗಿಯರು ತಮ್ಮನ್ನು ತಾವು ಬರೆದುಕೊಂಡಿರಲಿಲ್ಲ. ಮನೆಗಳು ತಾವಾಗಿ ತಿರುಗಿಕೊಂಡದ್ದಲ್ಲ, ಇವರ ಅಧ್ಯಯನವೇ ಅವನ್ನು ಒಳಕ್ಕೆ ಎಳೆದಿತ್ತು. ಅಧ್ಯಯನ ಮುಗಿದಿತ್ತು. ಸರದಿಯೂ ಹೋಗಿತ್ತು. ಅಂದರೆ ಇಷ್ಟು ದಿನದಿಂದ ಕೊನೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಯಾರ ಹೊಸಿಲನ್ನೂ ದಾಟಿರಲಿಲ್ಲ.

ಇವರು ಕೈ ತೊಳೆಯದೆ ಹಾಗೆಯೇ ಎದ್ದು ಕೊನೆ ಬೀದಿಗೆ ಹೋದರು. ಹಿಂತಿರುಗಿ ಬಂದು ಕಂಡದ್ದನ್ನು ಹೇಳಿದರು. ಬೀದಿಗೆ ಬೀದಿಯೇ ಸರಿದಿತ್ತಂತೆ. ಪುಟ್ಟತಾಯಿಯ ಹಿತ್ತಲಿಗೂ ಕಾಲುವೆಗೂ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಮಾತ್ರ ಜಾಗ ಉಳಿದಿತ್ತಂತೆ.

ಮಾರನೆಯ ದಿನವೇ ಪುರಸಭೆಗೆ ಹೋದರು, ನಾನೂ ಜೊತೆಗೆ ಹೋದೆ. ನಾನು ತಪ್ಪು ಬರೆದಿದ್ದೇನೆ, ಸರದಿ ಮತ್ತೆ ಶುರು ಮಾಡಿ ಎಂದು ಕೇಳಿದರು. ಮರಿಬಸಪ್ಪನವರು ನಗುನಗುತ್ತಲೇ ಕಾಫಿ ತರಿಸಿದರು. ಜನ ಈಗ ತಾನೇ ನೆಮ್ಮದಿಯಾಗಿದ್ದಾರೆ, ನಿಮ್ಮ ಪುಸ್ತಕ ನೋಡಿ ತೆಗೆದದ್ದನ್ನು ನಿಮ್ಮ ಬಾಯಿಮಾತು ಕೇಳಿ ಹಾಕಿದರೆ ಊರು ನನ್ನ ಮುಖಕ್ಕೆ ಉಗಿಯುತ್ತದೆ ಎಂದರು. ಬೇಕಾದರೆ ತೋರಿಸಿಕೊಡಿ. ಕೊನೆ ಬೀದಿಯ ಉಳಿದ ಮನೆಗಳಿಗೆ ನೀವೇ ನಿಮ್ಮ ಹುಡುಗಿಯರನ್ನು ಕಟ್ಟಿಕೊಂಡು ಹೋಗಿ ಬನ್ನಿ. ಒಂದು ಮನೆಗೆ ಮಾತ್ರ ಯಾರೂ ಹೋಗಬಾರದು. ದೀಪಾವಳಿ ಕಳೆದ ಮರುದಿನ ನಾವೆಲ್ಲ ಬಂದು ನೋಡುತ್ತೇವೆ. ಉಳಿದವು ನಿಂತು ಅದೊಂದು ಸರಿದಿದ್ದರೆ ಸರದಿ ಆ ದಿನವೇ ವಾಪಸ್ಸು ಎಂದು ಕರಾರು ಹಾಕಿದರು. ಯಾವ ಮನೆ ಎಂದು ಇವರು ಕೇಳಿದರು. ನಿಮ್ಮ ಪುಸ್ತಕದಲ್ಲಿರುವ ಮನೆಯೇ ಆಗಲಿ ಎಂದರು ಅವರು. ಆ ಮನೆಯವರಿಗೆ ವಿಷಯ ಗೊತ್ತಾಗಕೂಡದು, ಗೊತ್ತಾದರೆ ಯಾರನ್ನಾದರೂ ಕರೆದುಕೊಂಡುಬಿಡುತ್ತಾರೆ ಎಂದೂ ಸೇರಿಸಿದರು.

ಇವರು ಒಪ್ಪಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ದಾರಿಯಲ್ಲಿ ಬಾಯಿಗೆ ಬಂದ ಹಾಗೆ ಅಂದೆ. ಪುಟ್ಟತಾಯಿಯೇ ಬೇಕಾಗಿತ್ತೇ, ಎದ್ದು ಕೂರಲಾರದ ಗಂಡನನ್ನು ಇಟ್ಟುಕೊಂಡವಳೇ ಸಿಕ್ಕಳೇ, ನಾಳೆ ಆ ಮನೆ ಕಾಲುವೆ ದಾಟಿದರೆ ಯಾರು ಹೊಣೆ ಎಂದೆ.  ಇವರು, ಇದಕ್ಕೆ ಹೋಲಿಕೆಯ ಮನೆ ಅನ್ನುತ್ತಾರೆ ವಿಮಲಾ, ಒಂದನ್ನು ಮುಟ್ಟದೆ ಬಿಟ್ಟರೆ ಮಾತ್ರ ಉಳಿದದ್ದರ ಸತ್ಯ ಗೊತ್ತಾಗುವುದು ಎಂದರು.

“ನಾವಿಬ್ಬರೂ ಸಾಯೋವರೆಗೂ ಪುಟ್ಟತಾಯಿ ಮನೆಗೆ ಹೋಗಬಹುದು. ಉಳಿದ ಮನೆಗಳಿಗೆ ಆಮೇಲೆ ಯಾರು ಹೋಗ್ತಾರೆ? ಸರದಿ ಬಂದ್ರೆ ಬೀದಿಗೆ ಬೀದಿಯೇ ಉಳಿಯುತ್ತೆ. ಕಾಲುವೆ ಮುಟ್ಟೋದಕ್ಕೆ ಮುಂಚೆ ದೀಪಾವಳಿ ಬಂದುಬಿಡುತ್ತೆ, ನಾನು ಲೆಕ್ಕ ಹಾಕಿದ್ದೀನಿ,” ಎಂದರು.

 ಅವರ ಲೆಕ್ಕದ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ.

ಅಳತೆಗೆಂದು ಇವರು ಪುಟ್ಟತಾಯಿಯ ಹೊಸಿಲಿನ ಮುಂದೆ ಒಂದು ಕಬ್ಬಿಣದ ಗೂಟ ಹೊಡೆದರು. ಆಮೇಲೆ ನಾವು ದಿನಾ ಕೊನೆ ಬೀದಿಗೆ ಹೋಗತೊಡಗಿದೆವು, ಇವರು, ನಾನು, ಮೂವರು ಹುಡುಗಿಯರು. ಪಕ್ಕದ ಮನೆ, ಎದುರು ಮನೆ, ಅದರಾಚೆಯ ಮನೆ, ಎಲ್ಲ ಕಡೆ ಕೂತೆವು, ನೀರು ಕುಡಿದೆವು. ನೀರು ಕುಡಿದು ಕುಡಿದು ನನ್ನ ಹೊಟ್ಟೆ ಉಬ್ಬರಿಸಿತು. ಪುಟ್ಟತಾಯಿಯ ಮನೆಯ ಮುಂದೆ ಮಾತ್ರ ತಲೆ ತಗ್ಗಿಸಿಕೊಂಡು ಬಿರಬಿರನೆ ದಾಟುತ್ತಿದ್ದೆವು.

ಮೊದಲು ಅವಳು ಕಿಟಕಿಯಿಂದಲೇ ಛೇಡಿಸಿದಳು. ಏನಮ್ಮಾ ಪ್ರೊಫೆಸರ್ ಹೆಂಡ್ತಿ, ಎದುರು ಮನೆ ನೀರು ಜೇನುತುಪ್ಪಾನಾ ಎಂದಳು. ನಾನು ನಕ್ಕು, ಇನ್ನೊಂದು ಸಲ ಬರ್ತೀನಿ ಕಣೆ ಎಂದೆ. ಎಷ್ಟು ದಿನ ಹಾಗೆ ಹೇಳಲು ಸಾಧ್ಯ? ನವರಾತ್ರಿ ಬರುವಷ್ಟರಲ್ಲಿ ಅವಳು ಛೇಡಿಸುವುದನ್ನು ಬಿಟ್ಟಳು. ಬೆಳಗ್ಗೆ ಅಂಗಳಕ್ಕೆ ಸಾರಿಸಿ ದೊಡ್ಡ ರಂಗೋಲಿ ಹಾಕತೊಡಗಿದಳು. ಬಾಗಿಲ ಬಳಿ ಚಾಪೆ ಹಾಸಿ, ಪಕ್ಕದಲ್ಲಿ ಚೊಂಬಿನ ತುಂಬ ನೀರಿಟ್ಟು, ಮೇಲೊಂದು ಲೋಟ ಬೋರಲು ಹಾಕಿರುತ್ತಿದ್ದಳು. ಬಟ್ಟೆ ಕೊಡಲು ಬಂದವರ ಹತ್ತಿರ ಮೆತ್ತಗೆ ಮಾತಾಡಿದಳಂತೆ. ನಿಮಗೆ ಈ ಬಣ್ಣ ಒಪ್ಪುತ್ತದೆ, ಒಳಗೆ ಬನ್ನಿ, ಅಳತೆ ತೆಗೆದುಕೊಳ್ಳುತ್ತೇನೆ ಎಂದಳಂತೆ. ಜನ ಹೆದರಿ ಇನ್ನೂ ದೂರ ನಿಂತರು. ಪುಟ್ಟತಾಯಿ ಒಳ್ಳೆಯ ಮಾತಾಡಿದ್ದನ್ನು ಕೇಳಿ ಅಭ್ಯಾಸವಿದ್ದವರು ಯಾರು?

ತನ್ನ ಬಾಯಿಯ ದೆಸೆಯಿಂದಲೇ ನಾವು ಹೋಗುತ್ತಿಲ್ಲ ಎಂದು ಅವಳು ತಿಳಿದುಕೊಂಡಿದ್ದಳು. ಅದನ್ನು ನೋಡಿಕೊಂಡು ದಾಟುವುದು ನನ್ನಿಂದ ಆಗುತ್ತಿರಲಿಲ್ಲ. ಅನ್ನ ಸೇರುತ್ತಿರಲಿಲ್ಲ, ಕಣ್ಣು ಮುಚ್ಚಿದರೆ ಆ ಬೋರಲು ಹಾಕಿದ ಲೋಟವೇ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ ಕಿಟಕಿಯ ಹತ್ತಿರ ಹೋಗಿ, ಸಿದ್ದೇಗೌಡರನ್ನು ಕರೆದುಕೊಂಡು ಸ್ವಲ್ಪ ದಿನ ನಮ್ಮ ಮನೆಗೆ ಬಂದುಬಿಡೇ ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ನನ್ನ ಮುಖ ನೋಡಲಿಲ್ಲ.

“ನನ್ನ ಮನೆಗೆ ನೀನು ಬರಲ್ಲ, ನಿನ್ನ ಮನೆಗೆ ನಾನು ಬರಬೇಕಾ? ಹೋಗೋದಾದ್ರೆ ಹೋಗ್ಲಿ ಬಿಡು. ಯಾರಿಗೂ ಬೇಡವಾದ ಊರಲ್ಲಿ ಕೂತು ಯಾರ ರವಿಕೆ ಹೊಲೀಲಿ?”

ದೀಪಾವಳಿ ಹತ್ತಿರವಾಗುತ್ತಿದ್ದ ಹಾಗೆ ಇವರಿಗೂ ನಿದ್ದೆ ಬಾರದಾಯಿತು. ಉಳಿದ ಮನೆಗಳು ನಿಂತಿದ್ದವು, ಕೆಲವು ಒಳಕ್ಕೂ ಬಂದಿದ್ದವು. ಪುಟ್ಟತಾಯಿಯದೊಂದು ವಾರದಿಂದ ವಾರಕ್ಕೆ ಹಿಂದೆ ಹೋಗುತ್ತಲೇ ಇತ್ತು. ಗೂಟಕ್ಕೂ ಹೊಸಿಲಿಗೂ ನಡುವೆ ಈಗ ಒಂದು ಅಂಗಳದಷ್ಟು ಜಾಗ ಬಿದ್ದಿತ್ತು. ಅಂಕಿಗಳು ಇವರು ಬೇಡಿಕೊಂಡ ಹಾಗೆಯೇ ಬರುತ್ತಿದ್ದವು. ಆದರೂ ಒಂದೊಂದು ಅಳತೆಯನ್ನೂ ಎರಡೆರಡು ಸಲ ಹಿಡಿಯುತ್ತಿದ್ದರು. ಬೇಗ ಬಂದು ನೋಡಿ ಎಂದು ಮರಿಬಸಪ್ಪನವರ ಹತ್ತಿರ ಎರಡು ಸಲ ಹೋಗಿ ಬಂದರು. ಹಬ್ಬದ ವ್ಯಾಪಾರ ಸಾರ್, ಹೇಳಿದ ದಿನವೇ ಬರುತ್ತೇವೆ ಎಂದರಂತೆ.

ಬಲಿಪಾಡ್ಯಮಿಯ ಸಂಜೆ ನಾವು ಕೊನೆ ಬೀದಿಗೆ ಹೋದಾಗ ಹುಡುಗಿಯರು ಓಡಿಬಂದು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಮನೆಯ ಹಿಂದಿನ ಗೋಡೆ ಕಾಲುವೆಯ ಅಂಚಿನ ಕಲ್ಲನ್ನು ಮುಟ್ಟಿತ್ತು. ಸಣ್ಣಗೆ ಕಲ್ಲು ತಿಕ್ಕುವ ಸದ್ದು ಬರುತ್ತಿತ್ತು.  ಬೆಳಗಾದರೆ ಪುರಸಭೆಯವರು ಬರುತ್ತಾರೆ, ಬೆಳಗಿನವರೆಗೆ ನಿಂತರೆ ಸಾಕು, ನಿಲ್ಲುತ್ತದೆ, ನಿಲ್ಲಬೇಕು ಎಂದು ಇವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮುಂದಿನ ಅಂಗಳಕ್ಕೆ ಬಂದು ಟೇಪಿನ ತುದಿಯನ್ನು ಗೂಟಕ್ಕೆ ಸಿಕ್ಕಿಸಿ ಹೊಸಿಲಿನವರೆಗೆ ಎಳೆದುಕೊಂಡು ಹೋದರು. ಹೊಸಿಲಿನ ಆಚೆ ಪುಟ್ಟತಾಯಿ ನಿಂತಿದ್ದಳು. ಹಬ್ಬದ ಸೀರೆ ಉಟ್ಟಿದ್ದಳು, ಕೈಯಲ್ಲಿ ಆ ಲೋಟವಿತ್ತು.

“ಮೇಷ್ಟ್ರೇ, ನನ್ನ ಬಾಯಿ ಸರಿಯಿಲ್ಲ, ನಂಗೊತ್ತು. ಏನಾದ್ರೂ ಅಂದಿದ್ರೆ ಹೊಟ್ಟೆಗೆ ಹಾಕ್ಕೊಳಿ. ಒಳಗೆ ಮಲಗಿರೋ ನಮ್ಮನೆಯವರಿಗೆ ಗೋಡೆ ಸದ್ದು ಕೇಳಿ ಭಯ ಆಗ್ತಿದೆ. ಒಂದು ಲೋಟ ನೀರು ಕುಡಿದು ಹೋಗ್ರಿ.”

ಒಳಗಿನಿಂದ ಸಿದ್ದೇಗೌಡ ಕೆಮ್ಮಿದ್ದು ಕೇಳಿಸಿತು. ಇವರು ಟೇಪು ಹಿಡಿದುಕೊಂಡೇ ನಿಂತಿದ್ದರು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ್ದೇನೆ, ಆ ಮುಖವನ್ನು ನಾನು ನೋಡಿರಲಿಲ್ಲ.  ನನಗೆ ಒಳಗೆ ಹೋಗಿ ಎನ್ನಲೂ ಧೈರ್ಯವಿರಲಿಲ್ಲ, ಬೇಡ ಎನ್ನಲೂ ಮನಸ್ಸಿರಲಿಲ್ಲ. ಅವರು ಟೇಪನ್ನು ಕೈಬಿಟ್ಟರು, ಅದು ಸರ್ರನೆ ಸುತ್ತಿಕೊಂಡು ಗೂಟದ ಹತ್ತಿರ ಹೋಗಿ ಬಿತ್ತು. ಚಪ್ಪಲಿ ಬಿಟ್ಟು, ಹೊಸಿಲು ದಾಟಿ, ಚಾಪೆಯ ಮೇಲೆ ಕೂತರು.

ಲೋಟ ಬಾಯಿಗಿಡುವ ಮೊದಲು ಎಲ್ಲವನ್ನೂ ಹೇಳಿಬಿಟ್ಟರು. ಪ್ರಬಂಧ, ಪುರಸಭೆ, ಹೋಲಿಕೆಯ ಮನೆ, ನೀನು ಮಾತಾಡಿದ್ದಕ್ಕೂ ನಾವು ಬಾರದ್ದಕ್ಕೂ ಸಂಬಂಧವಿಲ್ಲ, ಬೇಕೆಂದೇ ನಿನ್ನನ್ನು ಬಿಟ್ಟೆವು ಎಂದು. ಪುಟ್ಟತಾಯಿ ನಿಂತಲ್ಲೇ ಕೇಳಿದಳು. ಅವಳ ಮುಖ ಕಪ್ಪಿಟ್ಟಿತು.

“ಮೊದಲು ನೀರು ಕುಡೀರಿ,” ಎಂದಳು. “ಆಮೇಲೆ ಬೈತೀನಿ.”

ಇವರು ಗಟಗಟನೆ ಕುಡಿದರು. ನಾನೂ ಒಳಗೆ ನುಗ್ಗಿದೆ, ನನ್ನ ಹಿಂದೆ ಹುಡುಗಿಯರು ನುಗ್ಗಿದರು. ಚೊಂಬು ಬರಿದಾಗುವಷ್ಟರಲ್ಲಿ ನಮ್ಮ ಕೆಳಗಿನ ನೆಲ ಒಮ್ಮೆ ಜಗ್ಗಿದ ಹಾಗಾಯಿತು. ಅಷ್ಟು ದಿನ ಬಾಯಾರಿದ್ದ ಮನೆ ಅದು. ಹಿಂದಿನ ಗೋಡೆಯ ಸದ್ದು ನಿಂತಿತು. ಸಿದ್ದೇಗೌಡ ಮಲಗಿದಲ್ಲಿಂದಲೇ ಕೈ ಮುಗಿದರು. ಆಮೇಲೆ ಪುಟ್ಟತಾಯಿ ಬೈದಳು ನೋಡಿ, ಆ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೆಳಗ್ಗೆ ಪುರಸಭೆಯವರು ಹಬ್ಬದ ಬಟ್ಟೆಯಲ್ಲೇ ಬಂದರು. ಮನೆ ರಾತ್ರೋರಾತ್ರಿ ಮುಂದೆ ಬಂದು, ಗೂಟವನ್ನೂ ದಾಟಿತ್ತು, ಗೂಟ ಈಗ ಪುಟ್ಟ​ತಾಯಿಯ ಹೊಸಿಲಿನ ಒಳಗೆ ನೆಟ್ಟ ಹಾಗಿತ್ತು. ಮರಿಬಸಪ್ಪನವರು ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ನೀವು ಮೊದಲು ಬರೆದದ್ದೇ ಸರಿ ಸಾರ್, ಯಾರೂ ಹೋಗದ ಮನೆ ತಾನಾಗಿಯೇ ಒಳಕ್ಕೆ ಬಂದಿದೆ ಎಂದರು. ಇವರು, ಇಲ್ಲ, ನಿನ್ನೆ ನಾವು ಒಳಗೆ ಹೋದೆವು, ನೀರು ಕುಡಿದೆವು ಎಂದರು. ವಾರ ವಾರದ ಅಳತೆಗಳನ್ನು ಹೇಳಿದರು. ಗೋಡೆ ಉಜ್ಜಿದ ಕಲ್ಲನ್ನು ತೋರಿಸಲು ಕರೆದರು. ಯಾರೂ ಹಿತ್ತಲಿನವರೆಗೆ ಬರಲಿಲ್ಲ. ನೀವು ಒಳಗೆ ಹೋಗಿದ್ದರೆ ಪರೀಕ್ಷೆ ಕೆಟ್ಟಂತಾಯಿತು, ಹೋಗಿಲ್ಲದಿದ್ದರೆ ಪುಸ್ತಕ ಗೆದ್ದಂತಾಯಿತು, ಎರಡರಲ್ಲೂ ಸರದಿಗೆ ಜಾಗವಿಲ್ಲವಲ್ಲ ಸಾರ್ ಎಂದು ಮರಿಬಸಪ್ಪನವರು ತಣ್ಣಗೆ ಹೇಳಿದರು. ತಂದಿದ್ದ ಹಾರವನ್ನು ಇವರ ಕೊರಳಿಗೆ ಹಾಕಿಯೇಬಿಟ್ಟರು. ಇವರ ಸಿದ್ಧಾಂತ ಎರಡನೆಯ ಸಲ ರುಜುವಾತಾಯಿತು ಎಂದು ಊರಲ್ಲೆಲ್ಲ ಸಾರಿದರು.

ಆ ಹಾರಕ್ಕೆ ನಾವು ತೆತ್ತದ್ದು ಆಮೇಲೆ ಗೊತ್ತಾಯಿತು. ಅಭಿನಂದಿಸಲು ಜನ ಸಾಲುಗಟ್ಟಿ ಬಂದರು. ಸದಸ್ಯರು ಬಂದರು, ಅಂಗಡಿಯವರು ಬಂದರು, ಪರವೂರಿನ ಕಾಲೇಜುಗಳಿಂದ ವ್ಯಾನು ಮಾಡಿಕೊಂಡು ಬಂದರು. ನಾನು ತಪ್ಪು ಮಾಡಿದ್ದೇನೆ ಎಂದು ಇವರು ಹೇಳಿದಷ್ಟೂ, ಎಷ್ಟು ವಿನಯ ನೋಡಿ ಎಂದು ಇನ್ನೊಂದು ಲೋಟ ನೀರು ಕುಡಿದರು. ನಮ್ಮ ಮನೆ ಹೂವಿನ ಮಾರ್ಕೆಟ್ಟನ್ನು ದಾಟಿ, ಪೇಟೆಯ ನಟ್ಟನಡುವೆ ಗಡಿಯಾರದ ಕಂಬದ ಬುಡಕ್ಕೆ ಬಂದು ನಿಂತಿತು. ಅಲ್ಲಿಂದ ಕೊನೆ ಬೀದಿಗೆ ನಡೆದರೆ ಮಂಡಿ ಕಳಚಿ ಬೀಳುತ್ತಿತ್ತು. ಹುಡುಗಿಯರ ಓದು ಮುಗಿದು ಅವರವರ ಊರಿಗೆ ಹೋದರು. ಉಳಿದವರು ನಾವಿಬ್ಬರೇ. ಎರಡು ಮನೆಗೆ ಹೋಗಿ ನೀರು ಕುಡಿಯುವುದರಲ್ಲಿ ಹೊತ್ತು ಮುಳುಗುತ್ತಿತ್ತು, ಅಷ್ಟರಲ್ಲಿ ಉಳಿದ ಮನೆಗಳು ಸರಿಯುತ್ತಿದ್ದವು. ಹಿಂತಿರುಗಿ ಬಂದರೆ ಬಾಗಿಲಲ್ಲಿ ಮತ್ತೆ ನಾಲ್ಕು ಜನ ಹಾರ ಹಿಡಿದು ನಿಂತಿರುತ್ತಿದ್ದರು. ನಾಳೆ ಇನ್ನೂ ದೂರ ಎಂದು ನನಗೆ ಅಳು ಬರುತ್ತಿತ್ತು.

ಒಂದು ದಿನ ಇವರು ಕುರ್ಚಿಯಲ್ಲಿ ಕೂತವರು, ವಿಮಲಾ, ಬಾಗಿಲು ಹಾಕಿಬಿಡೋಣವಾ ಎಂದರು. ನನಗೆ ಅರ್ಥವಾಯಿತು. ಮಾರನೆಯ ದಿನ ಮರಿಬಸಪ್ಪನವರೇ ಒಂದು ಬುಟ್ಟಿ ಹಣ್ಣು ಹೊರಿಸಿಕೊಂಡು ಬಂದರು. ನಾನು ಹೊಸಿಲಿನ ಮೇಲೆ ಅಡ್ಡ ನಿಂತೆ. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಬಾರದ ಮಾತು, ನಮ್ಮೂರಿನ ಯಾರ ಬಾಯಲ್ಲೂ ಬಾರದ ಮಾತು. ಹೇಳಿಯೇಬಿಟ್ಟೆ.

“ಒಳಗೆ ಬರಬೇಡಿ. ನಮ್ಮ ಮನೆಗೆ ಯಾರೂ ಬರಬೇಡಿ.”

ಅವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡು ಹೋದರು. ಮಾತು ಊರೆಲ್ಲ ಹಬ್ಬಿತು, ಜನ ಬರುವುದು ನಿಂತಿತು. ಮನೆ ಗಡಿಯಾರದ ಕಂಬ ಬಿಟ್ಟು ಕದಲಿತು. ಇವರನ್ನು ಸಭೆಗಳಿಗೆ ಕರೆಯುವುದೂ ನಿಂತಿತು, ಕಾಲೇಜಿನಲ್ಲಿ ಸಹೋದ್ಯೋಗಿಗಳು ಮುಖ ತಿರುಗಿಸಿದರು. ಹೂವಿನ ಮಾರ್ಕೆಟ್ಟು ಹೋಯಿತು, ಹೈಸ್ಕೂಲು ಹೋಯಿತು. ಎಣ್ಣೆ ಗಾಣದ ಎದುರಿಗೆ ಬಂದಾಗ ಕಿಟಕಿಯಲ್ಲಿ ಹಿಂಡಿಯ ವಾಸನೆ ಬಂದು, ಮದುವೆಯಾಗಿ ಬಂದ ದಿನ ನೆನಪಾಗಿ ಸ್ವಲ್ಪ ಹೊತ್ತು ಕೂತಿದ್ದೆ. ಅಲ್ಲೂ ನಿಲ್ಲಲಿಲ್ಲ.

ಈಗ ನಮ್ಮ ಮನೆ ಕೊನೆ ಬೀದಿಗಿಂತ ಒಂದು ಬೀದಿ ಈಚೆಗಿದೆ. ಬೀದಿ ಬೇರೆಯಾದ್ದರಿಂದ ನಮ್ಮ ಹೆಜ್ಜೆ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಎಲ್ಲ ಮನೆಯಲ್ಲೂ ಕೂತು ಬರುತ್ತೇವೆ. ಇವರು ಬರೆಯುವುದನ್ನು ಬಿಟ್ಟಿದ್ದಾರೆ. ನಮ್ಮ ಮನೆಯನ್ನು ಹಿಡಿದಿಟ್ಟಿರುವುದು ಒಂದೇ ಒಂದು ಜೊತೆ ಕಾಲು. ಮನೆ ಹತ್ತಿರವಾದ್ದರಿಂದ ಗಂಡನನ್ನು ಒಂದು ಗಳಿಗೆ ಬಿಟ್ಟು ಪುಟ್ಟತಾಯಿ ದಿನಾ ಬೆಳಗ್ಗೆ ನಾವು ಹೊರಡುವ ಮೊದಲು ಬರುತ್ತಾಳೆ, ಹೊಸಿಲು ದಾಟುತ್ತಾಳೆ, ಕೂರುತ್ತಾಳೆ, ನೀರು ಕುಡಿಯುತ್ತಾಳೆ. ಕ್ಷಮಿಸಿದ್ದೇನೆ ಎಂದು ಇವತ್ತಿನವರೆಗೂ ಹೇಳಿಲ್ಲ. ಆವತ್ತು ಬೈದದ್ದು ಮುಗಿದಿಲ್ಲವಂತೆ. ಲೋಟ ಕೆಳಗಿಟ್ಟು, ಇವರನ್ನು ಎದುರಿಗೆ ಕೂರಿಸಿಕೊಂಡು, ಆ ದಿನದ ಪಾಲಿನಷ್ಟು ಬೈದು ಹೋಗುತ್ತಾಳೆ. ಇವರು ತಲೆ ತಗ್ಗಿಸಿ ಕೇಳುತ್ತಾರೆ.

ಇವತ್ತು ಅವಳು ಬರುವುದು ತಡವಾಯಿತು. ಸಿದ್ದೇಗೌಡರಿಗೆ ಜ್ವರ ಬಂದಿದೆಯೋ, ಕೊನೆಗೂ ಮನಸ್ಸು ಮುರಿಯಿತೋ ಎಂದು ಒಳಗೂ ಹೊರಗೂ ತಿರುಗಿದೆ. ಇವರು ಹಳೆಯ ಟೇಪು ಹುಡುಕಿ ತೆಗೆದು ಅಂಗಳದಲ್ಲಿ ನಿಂತಿದ್ದರು. ಅಳೆಯಲು ಕೈ ಬಾರದೆ ಸುಮ್ಮನೆ ಹಿಡಿದುಕೊಂಡಿದ್ದರು. ಬಿಸಿಲು ಹೊಸಿಲಿಗೆ ಬಂತು. ಆಗ ತಿರುವಿನಾಚೆಯಿಂದ, ರವಿಕೆಗೆ ತೋಳು ಸಾಲದೆಂದ ಯಾರನ್ನೋ ಪುಟ್ಟತಾಯಿ ಜಾಡಿಸುತ್ತಾ ಬರುತ್ತಿರುವುದು ಕೇಳಿಸಿತು. ಇವರು ಟೇಪನ್ನು ಜೇಬಿಗೆ ತುರುಕಿ, ಒಳಗೆ ಹೋಗಿ ದಿನಾ ಕೂರುವ ಜಾಗದಲ್ಲಿ ಕೂತರು. ನಾನು ಚೊಂಬು ತೊಳೆದು ನೀರು ತುಂಬಿಸಿಟ್ಟೆ.